ಕಕ್ಕಡದ ಮಳೆಯಲ್ಲಿ ಬಿಯರ್ಡಿ ಮರಿ ಕುಸಿದರೆ: ಮೊದಲು ಪ್ಲಗ್ ಪಾಯಿಂಟ್, ಆಮೇಲೆ ಹಿಕ್ಕೆ, ಕೊನೆಗೆ ಔಷಧಿ

ಕೊಡಗಿನ ಕಕ್ಕಡ ತಿಂಗಳ (ಜುಲೈ-ಆಗಸ್ಟ್) ಮಳೆಗೂ ಆಸ್ಟ್ರೇಲಿಯಾದ ಒಣನಾಡಿನ ಓತಿಯಾದ ಬಿಯರ್ಡೆಡ್ ಡ್ರ್ಯಾಗನ್‌ಗೂ, ಅಂದರೆ ನಮ್ಮ ಬಿಯರ್ಡಿಗೂ, ಆಗಿಬರುವುದಿಲ್ಲ ಎಂದು ಹೇಳದವರಿಲ್ಲ. ಮರಿ ಕಣ್ಣು ಮುಚ್ಚಿ ಚಪ್ಪಟೆಯಾಗಿ ಬಿದ್ದಿರುವಾಗ ಮೊದಲು ವೋಲ್ಟೇಜ್ ನೋಡಿ ಎಂದರೆ ಇನ್ನೂ ನಗುತ್ತಿದ್ದರು. ‘ಎರಡು ತೊಟ್ಟು ಕ್ಯಾಲ್ಸಿಯಂ ಬಿಡಿ, ಜಂತಿಗೆ ಔಷಧಿ ಹಾಕಿ, ಇದೆಲ್ಲ ಯಾಕೆ’ ಎನ್ನುವುದೇ ಎಲ್ಲರ ಮಾತು. ಕೆಲವು ಮಳೆಗಾಲ ಕಳೆದ ಮೇಲೆ, ನಕ್ಕವರೇ ಈಗ ಗೋಣಿಕೊಪ್ಪದಿಂದ, ಸೋಮವಾರಪೇಟೆಯಿಂದ ಫೋನ್ ಮಾಡಿ ‘ಏನೇನು ಅಳೆದು ಹೇಳಬೇಕು’ ಎಂದು ಕೇಳುತ್ತಾರೆ. ಆದ್ದರಿಂದ ಬರೆದಿಡುತ್ತಿದ್ದೇನೆ. ಟ್ಯಾಂಕ್ (ಮರಿ ಇರುವ ಗಾಜಿನ ಪೆಟ್ಟಿಗೆ) ಹೂಡುವುದು, ಹುಳ ಸಾಕುವುದು ನಿಮಗೆ ಗೊತ್ತೇ ಇದೆ.

ಮೊದಲ ಅರ್ಧ ಗಂಟೆಯಲ್ಲಿ ಊಟವೂ ಇಲ್ಲ, ಔಷಧಿಯೂ ಇಲ್ಲ. ಬೇಕಾದದ್ದು ನಾಲ್ಕು ಅಂಕಿ: ಮರಿಯ ತೂಕ, ಬಲ್ಬಿನ ಕೆಳಗೆ ಮರಿ ಮೈ ಕಾಯಿಸುವ ಬಾಸ್ಕಿಂಗ್ ಕಲ್ಲಿನ ಮೇಲ್ಮೈ ಬಿಸಿ, ತಂಪು ಮೂಲೆಯ ಬಿಸಿ, ಪ್ಲಗ್ ಪಾಯಿಂಟಿನ ವೋಲ್ಟೇಜ್. ಎಳೆಯ ಮರಿಗೆ ಕಲ್ಲು 40ರಿಂದ 42 ಡಿಗ್ರಿ, ತಂಪು ಮೂಲೆ 26ರಿಂದ 28 ಇರಬೇಕು. ಗಾಜಿಗೆ ಅಂಟಿಸುವ ಗಡಿಯಾರದಂಥ ಥರ್ಮಾಮೀಟರ್ ಅಳೆಯುವುದು ಗಾಜಿನ ಬಿಸಿಯನ್ನು, ಕಲ್ಲಿನದ್ದಲ್ಲ. ಅದನ್ನು ಕಿತ್ತು ಬಿಸಾಡಿ. ಸಾವಿರದ ಆಸುಪಾಸಿನ ಇನ್‌ಫ್ರಾರೆಡ್ ಗನ್ ಒಂದು, ನಾನೂರು ಐನೂರು ರೂಪಾಯಿಯ 0.1 ಗ್ರಾಂ ತಕ್ಕಡಿ ಒಂದು, ಇವೆರಡರಷ್ಟು ದುಡಿದ ಸಾಮಾನು ನನ್ನಲ್ಲಿ ಬೇರೆ ಇಲ್ಲ. ತೂಕ ಬೆಳಿಗ್ಗೆ ಊಟಕ್ಕೆ ಮುಂಚೆ ನೋಡಬೇಕು. ಹಿಕ್ಕೆ ಹಾಕಿದ ಮೇಲೋ ಮುಂಚೆಯೋ ಎಂದೂ ಬರೆದಿಡಿ, 20 ಗ್ರಾಂ ಮರಿಯಲ್ಲಿ ಒಂದು ದೊಡ್ಡ ಹಿಕ್ಕೆಯೇ ಒಂದು ಗ್ರಾಂ ತೂಗೀತು. ನನ್ನ ಮರಿಗಳು 20 ಗ್ರಾಂ ದಾಟಿದ ಮೇಲೆ ವಾರಕ್ಕೆ ಹೆಚ್ಚುಕಡಿಮೆ 5 ಗ್ರಾಂ ಏರುತ್ತವೆ. ಒಂದು ವಾರ ಏರದೆ ನಿಂತರೆ ಎಚ್ಚರ, ಹತ್ತರಲ್ಲೊಂದು ಪಾಲು ಇಳಿದರೆ ಕಾಯುವ ಮಾತೇ ಇಲ್ಲ.

ವೋಲ್ಟೇಜ್ ಯಾಕೆ ಎಂದರೆ, ತೋಟದ ನಡುವಿನ ಮನೆಗಳಲ್ಲಿ, ಅದರಲ್ಲೂ ಟ್ರಾನ್ಸ್‌ಫಾರ್ಮರ್ ದೂರವಿದ್ದರೆ, 230 ಇರಬೇಕಾದ ಕಡೆ 170 ಬರುವುದು ಹೊಸದಲ್ಲ. 170ರಲ್ಲಿ 100 ವ್ಯಾಟ್ ಹ್ಯಾಲೊಜೆನ್ ಎಳೆಯುವುದು 60 ವ್ಯಾಟ್ ಮಾತ್ರ. ಬಲ್ಬ್ ಉರಿಯುತ್ತಲೇ ಇರುತ್ತದೆ, ಸ್ವಲ್ಪ ಹಳದಿ ತಿರುಗಿರುತ್ತದೆ, ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. ಕಲ್ಲು ಮಾತ್ರ 42ರಿಂದ 33ಕ್ಕೆ ಇಳಿದಿರುತ್ತದೆ. ಬೆಳಿಗ್ಗೆ ತಿಂದ ಹುಳ ಕರಗದೆ ಹೊಟ್ಟೆಯಲ್ಲೇ ಕೂರುತ್ತದೆ. ಎರಡು ಮೂರು ದಿನಕ್ಕೆ ಮರಿ ಊಟ ಬಿಡುತ್ತದೆ, ಗಡ್ಡ ಕಪ್ಪಾಗುತ್ತದೆ, ಹೊಟ್ಟೆಯ ಮೇಲೆ ಕಡುಗೆರೆ ಮೂಡುತ್ತದೆ. ‘ನಿನ್ನೆಯವರೆಗೆ ಚೆನ್ನಾಗಿತ್ತು, ಇವತ್ತು ಇದ್ದಕ್ಕಿದ್ದಂತೆ’ ಎಂದು ಬರುವ ಫೋನುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಇದೇ. ಎರಡು ಸಾವಿರ ಚಿಲ್ಲರೆಯ ಟಿವಿ ಸ್ಟೆಬಿಲೈಜರ್ ಸಾಕು. ಕೊಳ್ಳುವಾಗ 130 ವೋಲ್ಟ್‌ವರೆಗೆ ಕೆಲಸ ಮಾಡುತ್ತದೆಯೇ ಎಂದು ಮಾತ್ರ ನೋಡಿ. 170ಕ್ಕೆ ಕಟ್ ಆಗುವಂಥದ್ದು ನಮ್ಮ ಕಡೆ ಬರೀ ಭಾರ.

ತೇವಾಂಶದ ವಿಷಯದಲ್ಲಿ ಎಲ್ಲರೂ ದುಡ್ಡು ಕಳೆದುಕೊಳ್ಳುವುದು ತಪ್ಪು ಜಾಗದಲ್ಲಿ. ಹತ್ತು ಸಾವಿರದ ಡಿಹ್ಯುಮಿಡಿಫೈಯರ್ ಕೋಣೆಯಲ್ಲಿಟ್ಟು, ಮಂಜು ಒಳಗೆ ಬರುವ ಹೆಂಚಿನ ಮನೆಯಲ್ಲಿ ದಿನವಿಡೀ ನೀರು ಚೆಲ್ಲಿದ್ದೇ ಬಂತು. ಸಿಲಿಕಾ ಜೆಲ್ ಒಂದೇ ರಾತ್ರಿಯಲ್ಲಿ ಸೋತಿತು. ಸುಡುಸುಣ್ಣ ಇಡುವವರೂ ಇದ್ದಾರೆ, ಅದರ ಧೂಳು ಕಣ್ಣಿಗೂ ಶ್ವಾಸಕ್ಕೂ ಕೆಟ್ಟದ್ದು, ಬೇಡವೇ ಬೇಡ. ಹೊರಗೆ 18 ಡಿಗ್ರಿಯಲ್ಲಿ 95 ಪ್ರತಿಶತ ತೇವವಿರುವ ಗಾಳಿಯನ್ನೇ ಟ್ಯಾಂಕಿನೊಳಗೆ 24ಕ್ಕೆ ಏರಿಸಿದರೆ 66ರ ಹತ್ತಿರ ಬರುತ್ತದೆ, 27ಕ್ಕೆ ಏರಿಸಿದರೆ 55. ಹಗಲಲ್ಲಿ ಬಲ್ಬೇ ಈ ಕೆಲಸ ಮಾಡುತ್ತದೆ. ತೊಂದರೆ ರಾತ್ರಿಯದ್ದು. ಬೆಳಕಿಲ್ಲದ ಸೆರಾಮಿಕ್ ಹೀಟರನ್ನು ಥರ್ಮೋಸ್ಟಾಟಿಗೆ ಹಾಕಿ 24ಕ್ಕೆ ನಿಲ್ಲಿಸಿ, ಅದರ ಬಿಸಿ ಅಳೆಯುವ ತುದಿ (ಪ್ರೋಬ್) ಮರಿ ಮಲಗುವ ಎತ್ತರದಲ್ಲೇ ಇರಲಿ. ಥರ್ಮೋಸ್ಟಾಟ್ ಇಲ್ಲದೆ ಹೀಟರ್ ಹಚ್ಚುವುದಾದರೆ ಹಚ್ಚದಿರುವುದೇ ವಾಸಿ. ಮುಚ್ಚಳದ ಗಾಳಿಕಿಂಡಿ ಎಲ್ಲಿ, ಎಷ್ಟು ಅಗಲ ಎನ್ನುವುದನ್ನು ಇಲ್ಲಿ ಬಿಚ್ಚುವುದಿಲ್ಲ. ನನ್ನಿಂದ ಮರಿ ಒಯ್ದವರಿಗೆ ಅದು ಗೊತ್ತು.

ಟ್ಯಾಂಕಿನ ಲೆಕ್ಕ ಸರಿಯಿದ್ದೂ ಮರಿ ಸರಿಯಿಲ್ಲ ಎಂದಾದರೆ ಮೈ ನೋಡುವ ಸರದಿ.

ಬಾಯಿ ತೆರೆದುಕೊಂಡಿದೆ ಎನ್ನುವವರಿಗೆ ನನ್ನ ಮೊದಲ ಪ್ರಶ್ನೆ: ಎಲ್ಲಿ ಕೂತು? ಬಲ್ಬಿನ ಕೆಳಗೆ ಬಾಯಿ ತೆರೆದರೆ ಮೈ ಕಾದಿದೆ ಎಂದಷ್ಟೇ ಅರ್ಥ. ತಂಪು ಮೂಲೆಗೆ ಬಿಟ್ಟು ಹದಿನೈದು ನಿಮಿಷ ನೋಡಿ. ಮುಚ್ಚಿದರೆ ಸರಿ. ಮುಚ್ಚದೆ ಕತ್ತು ಮೇಲೆತ್ತಿ ಎಳೆದೆಳೆದು ಉಸಿರಾಡಿದರೆ, ಕಿವಿಯ ಹತ್ತಿರ ಹಿಡಿದಾಗ ಟಿಕ್ ಟಿಕ್ ಸದ್ದು ಕೇಳಿದರೆ, ಬಾಯಂಚಲ್ಲಿ ನೂಲಿನಂತೆ ಎಳೆಯುವ ಲೋಳೆ ಇದ್ದರೆ ಅದು ಶ್ವಾಸಕೋಶದ ಸೋಂಕು. ಅದಕ್ಕೆ ಮನೆಮದ್ದಿಲ್ಲ, ವೈದ್ಯರೇ ಬೇಕು. ಅಲ್ಲಿಯವರೆಗೆ ರಾತ್ರಿಯ ಬಿಸಿ ಎರಡು ಮೂರು ಡಿಗ್ರಿ ಏರಿಸಿ.

ಹಿಂಗಾಲು ಎಳೆಯುತ್ತಿದ್ದರೆ ಎರಡು ದಾರಿ. ಮರಿಯನ್ನು ಅಂಗೈಯಲ್ಲಿ ಅಲುಗಾಡದೆ ಇಟ್ಟುಕೊಂಡು ಹಿಂಗಾಲಿನ ಬೆರಳನ್ನು ಒಂದು ನಿಮಿಷ ದಿಟ್ಟಿಸಿ. ಬೆರಳ ತುದಿ ತಾನಾಗಿ ಮಿಡಿಯುತ್ತಿದ್ದರೆ, ಕೆಳದವಡೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದಾಗ ಗಟ್ಟಿಯಿಲ್ಲದೆ ಬಾಗಿದರೆ, ಕ್ಯಾಲ್ಸಿಯಂ ಕೊರತೆ. ಮೂಲ ಯುವಿಬಿಯಲ್ಲಿದೆ, ಅಂದರೆ ಕ್ಯಾಲ್ಸಿಯಂ ಮೈಗೆ ಹತ್ತಲು ಬೇಕಾದ ನೇರಳಾತೀತ ಬೆಳಕಿನಲ್ಲಿ. ಸುರುಳಿ ಬಲ್ಬ್ ಬೇಡ, ಉದ್ದದ ಟಿ5 ಟ್ಯೂಬೇ ಆಗಬೇಕು. ಅದಕ್ಕೆ ನಾಲ್ಕೈದು ಸಾವಿರ ಬೀಳುತ್ತದೆ, ವರ್ಷಕ್ಕೊಮ್ಮೆ ಬದಲಿಸಲೂಬೇಕು. ಹುಳ ಹಾರದಿರಲಿ ಎಂದು ಮುಚ್ಚಳಕ್ಕೆ ಸೊಳ್ಳೆಪರದೆ ಹೊಡೆದವರ ಮರಿಗೆ ಮೂರನೇ ಒಂದು ಪಾಲೋ ಇನ್ನೂ ಹೆಚ್ಚೋ ಯುವಿಬಿ ಅಲ್ಲೇ ತಡೆದುಹೋಗಿರುತ್ತದೆ. ನಡುವೆ ಗಾಜಿದ್ದರೆ ಏನೂ ಬರುವುದಿಲ್ಲ. ಇದನ್ನು ಅಳೆಯುವ ಸೋಲಾರ್‌ಮೀಟರ್ ತುಟ್ಟಿ, ನಾವು ನಾಲ್ಕು ಜನ ಸೇರಿ ಒಂದು ತಂದಿದ್ದೇವೆ. ಕೂರುವ ಜಾಗದಲ್ಲಿ ಯುವಿ ಸೂಚ್ಯಂಕ 3ರಿಂದ 4 ಬಂದರೆ ನನಗೆ ಸಾಕು. ಬೆರಳು ಮಿಡಿಯುವುದಿಲ್ಲ, ದವಡೆ ಗಟ್ಟಿ ಇದೆ, ಆದರೆ ಹೊಟ್ಟೆಯಲ್ಲಿ ಗಂಟು ಸಿಗುತ್ತದೆ ಎಂದಾದರೆ ಮಲ ಕಟ್ಟಿದೆ. ಮರಳು ಹಾಸಿದ್ದೀರಿ, ಇಲ್ಲವೇ ಎರಡು ಕಣ್ಣುಗಳ ನಡುವಿನ ಅಂತರಕ್ಕಿಂತ ದೊಡ್ಡ ಹುಳ ಹಾಕಿದ್ದೀರಿ. 32ರಿಂದ 35 ಡಿಗ್ರಿ ನೀರನ್ನು ಭುಜ ಮುಳುಗದಷ್ಟು ಹಾಕಿ, ಕಾಲು ಗಂಟೆ ಕೂರಿಸಿ. ದಿನಕ್ಕೆರಡು ಸಲದಂತೆ ಎರಡು ದಿನ ಮಾಡಿಯೂ ಹೋಗದಿದ್ದರೆ ಎಕ್ಸ್‌ರೇ.

ಈ ಹಂತದಲ್ಲಿ ಮನೆಯಲ್ಲಿರುವ ಔಷಧಿ ಬಾಟಲಿಗಳನ್ನು ಮುಟ್ಟದೆ, ಅವುಗಳಿಂದ ಮರಿಯನ್ನು ದೂರವಿಡಬೇಕು. ಹಸುವಿಗೆ ಹಾಕುವ ಐವರ್‌ಮೆಕ್ಟಿನ್ ಒಂದು ಮಿಲಿಯಲ್ಲಿ 10 ಮಿಲಿಗ್ರಾಂ ಇರುತ್ತದೆ. ಕೆಜಿಗೆ 0.2 ಮಿಲಿಗ್ರಾಂ ಎಂದು ಹಸುವಿನ ಲೆಕ್ಕವನ್ನೇ ಹಿಡಿದರೂ 20 ಗ್ರಾಂ ಮರಿಗೆ ಬರುವುದು 0.0004 ಮಿಲಿ. ಇನ್ಸುಲಿನ್ ಸಿರಿಂಜಿನ ಒಂದು ಗೆರೆಯೇ ಅದರ 25 ಪಟ್ಟು. ನಮಗೆ ಬರೆದುಕೊಡುವ 60,000 ಯೂನಿಟ್ಟಿನ ವಿಟಮಿನ್ ಡಿ3 ಪುಡಿಯ ಕಥೆಯೂ ಇದೇ.

ಇನ್ನು ಹಿಕ್ಕೆ. ಆರೋಗ್ಯದ ಹಿಕ್ಕೆ ಕಂದುಗಟ್ಟಿ, ಜೊತೆಗೆ ಬಿಳಿ ಯೂರೇಟ್ (ಮೂತ್ರದ ಗಟ್ಟಿ ಭಾಗ). ಯೂರೇಟ್ ಹಳದಿ, ಕಿತ್ತಳೆಯಾಗಿ ಗಟ್ಟಿಯಾದರೆ ನೀರಿನ ಕೊರತೆ. ಹಿಕ್ಕೆಯೇ ನೀರಾಗಿ, ಲೋಳೆಯಾಗಿ, ಕೋಣೆ ಪೂರ್ತಿ ನಾರಿದರೆ ಕಾಕ್ಸಿಡಿಯಾ ಎಂಬ ಕರುಳಿನ ಪರಾವಲಂಬಿಯ ಅನುಮಾನ. ನಮ್ಮ ಪಶು ಆಸ್ಪತ್ರೆಯಲ್ಲಿ ಹಸುವಿನ ಸಗಣಿ ನೋಡುವ ಮೈಕ್ರೋಸ್ಕೋಪಿನಲ್ಲೇ ಇದನ್ನೂ ನೋಡಬಹುದು, ವಿನಯದಿಂದ ಕೇಳಿದರೆ ಯಾರೂ ಇಲ್ಲ ಎನ್ನುವುದಿಲ್ಲ. ಓಡಾಟ ಜಾಸ್ತಿಯಾದ ಮೇಲೆ ನಾನು ಕಾಲೇಜು ಮಕ್ಕಳ ಮೈಕ್ರೋಸ್ಕೋಪನ್ನೇ ಏಳೆಂಟು ಸಾವಿರಕ್ಕೆ ತಂದೆ. ಮೊಟ್ಟೆಗಳು ತೇಲಿ ಮೇಲೆ ಬರಲಿ ಎಂದು 100 ಮಿಲಿ ಬಿಸಿನೀರಿಗೆ 40 ಗ್ರಾಂ ಉಪ್ಪು, ತಳದಲ್ಲಿ ಸ್ವಲ್ಪ ಕರಗದೆ ಉಳಿಯಬೇಕು. ನೀರು ಆರಿದ ಮೇಲೆ ಬಟಾಣಿ ಗಾತ್ರದ ಹಿಕ್ಕೆಯನ್ನು ಅದರಲ್ಲಿ ಕದಡಿ, ಚಹಾ ಜರಡಿಯಲ್ಲಿ ಸೋಸಿ, ಸಣ್ಣ ಶೀಶೆಯ ಬಾಯಿಯವರೆಗೆ ತುಂಬಿ ಕವರ್‌ಸ್ಲಿಪ್ (ತೆಳುಗಾಜಿನ ಬಿಲ್ಲೆ) ಮುಚ್ಚಿ. ಹತ್ತು ಹದಿನೈದು ನಿಮಿಷಕ್ಕೆ ತೆಗೆದು ನೋಡಿ. ಹೆಚ್ಚು ಬಿಟ್ಟರೆ ಉಪ್ಪು ಹರಳುಗಟ್ಟುತ್ತದೆ, ಮೊಟ್ಟೆಗಳು ಮುದುಡುತ್ತವೆ.

ಹೊಸಬರು ಇಲ್ಲಿ ಬೆಚ್ಚಿಬೀಳುವುದು ದುಂಡಗೆ, ದೊಡ್ಡದಾಗಿ, ಮೈತುಂಬ ಮುಳ್ಳಿರುವ ಉಂಡೆಗಳನ್ನು ಕಂಡು. ಅದು ದಾಸವಾಳದ ಪರಾಗ, ನೀವೇ ತಿನ್ನಿಸಿದ ಹೂವಿನದ್ದು. ಕ್ರಿಕೆಟ್ ಹುಳದ ಸ್ವಂತ ಜಂತಿನ ಮೊಟ್ಟೆಗಳೂ ಹಾಗೆಯೇ ದಾಟಿ ಬರುತ್ತವೆ. ಮರಿಯ ಕರುಳಿನ ಜಂತಾದ ಪಿನ್‌ವರ್ಮ್‌ನ ಮೊಟ್ಟೆ ಉದ್ದ, ಒಂದು ಬದಿ ಚಪ್ಪಟೆ. ಒಂದೆರಡು ಇದ್ದರೆ ನಾನು ಮುಟ್ಟುವುದಿಲ್ಲ. ಕಾಕ್ಸಿಡಿಯಾ ಅದಕ್ಕಿಂತ ಬಹಳ ಸಣ್ಣದು, ದುಂಡಗೆ, ತೆಳು ಗೋಡೆಯದು. ತೂಕ ಇಳಿದಿದ್ದು ಅದೂ ತುಂಬ ಕಂಡರೆ ಮಾತ್ರ ಚಿಕಿತ್ಸೆ, ಅದರ ಪ್ರಮಾಣ ವೈದ್ಯರದ್ದು. ಬ್ಲೀಚಿಗೆ ಇದು ಸಾಯುವುದಿಲ್ಲ. ಕುದಿನೀರು ಬೇಕು, ಅದಕ್ಕಿಂತ ಮುಖ್ಯ ಹಿಕ್ಕೆಯನ್ನು ಅದೇ ದಿನ ಎತ್ತುವುದು, ತೇವವಿದ್ದರೆ ಒಂದೆರಡು ದಿನದಲ್ಲಿ ಮತ್ತೆ ಸೋಂಕು ತಗಲಿಸುವಷ್ಟು ಬಲಿಯುತ್ತದೆ. ಹಾಸಲು ದಿನಪತ್ರಿಕೆಯೇ ಸಾಕು. ಎಲ್ಲ ಸರಿಯಿದ್ದೂ ಒಂದೇ ಸಲ ಮೊಟ್ಟೆಯೊಡೆದ ಮರಿಗಳೆಲ್ಲ ಬೆಳೆಯದೆ, ಕತ್ತು ತಿರುಚಿ ಆಕಾಶ ನೋಡುತ್ತ ಒಂದೊಂದಾಗಿ ಹೋದರೆ ಅಡಿನೊವೈರಸ್ ನೆನಪಿರಲಿ. ಅದಕ್ಕೆ ಔಷಧಿಯಿಲ್ಲ, ಬೇರೆ ಮರಿಗಳನ್ನು ದೂರವಿಡಬಹುದು ಅಷ್ಟೆ.

ಗಂಟೆಗಳಲ್ಲಿ ಕುಸಿದರೆ ವಿಷ. ಮಳೆ ಶುರುವಾಗುವ ಮುಂಚೆ ತೋಟದಲ್ಲಿ ಮಿಂಚುಹುಳು ತುಂಬುತ್ತದಲ್ಲ, ಅದೊಂದು ದೀಪಕ್ಕೆ ಬಂದು ಟ್ಯಾಂಕಿಗೆ ಬಿದ್ದರೆ ಸಾಕು. ಅಮೆರಿಕದ ಮಿಂಚುಹುಳು ಒಂದನ್ನೇ ತಿಂದು ಬಿಯರ್ಡಿಗಳು ಸತ್ತದ್ದು ದಾಖಲಾಗಿದೆ, ನಮ್ಮದರ ಮೇಲೆ ಪರೀಕ್ಷೆ ಮಾಡುವ ಧೈರ್ಯ ನನಗಿಲ್ಲ. ತಲೆ ಕೊಡವುವುದು, ಬಾಯಿ ಬಿಡುವುದು, ಮೈ ಕಪ್ಪಾಗುವುದು ಅದರ ಗುರುತು. ಕಾಫಿಗೆ ಕಾಂಡಕೊರಕದ ಔಷಧಿ ಹೊಡೆದ ವಾರ ಹೊರಗಿನ ಮಿಡತೆ ಹಿಡಿದು ಹಾಕಬೇಡಿ, ಜೊಲ್ಲು ಮತ್ತು ನಡುಕ ಅದರಿಂದ. ಬೆಣ್ಣೆಹಣ್ಣು ಪ್ರತಿ ಹಿತ್ತಲಲ್ಲೂ ಇದೆ, ಮರಿಗೆ ಹಣ್ಣೂ ಬೇಡ, ಎಲೆಯೂ ಬೇಡ.

ರೇಷ್ಮೆಹುಳದ ಪ್ರಯೋಗ ಮಾತ್ರ ಗೆದ್ದಿತು. ಮೈಸೂರು ಕಡೆಯಿಂದ ಎರಡನೇ ಜ್ವರದ (ಎರಡನೇ ಸಲ ಪೊರೆ ಬಿಡುವ ಹಂತದ) ಹುಳ ತರಿಸಿ, ಕಾಯಿಲೆಯಿಂದ ಎದ್ದ ಮರಿಗಳಿಗೆ ಕೊಟ್ಟೆ. ಮೆತ್ತಗಿನ ಮೈ, ಬೇಗ ಕರಗುತ್ತದೆ, ತೂಕ ಬೇಗ ಮರಳುತ್ತದೆ. ಹುಳದ ತಟ್ಟೆಗೆ ಸೋಂಕುನಿವಾರಕ ಪುಡಿ ಉದುರಿಸಿರುತ್ತಾರೆ, ಆದ್ದರಿಂದ ಮನೆಯಲ್ಲಿ ಎರಡು ದಿನ ಶುದ್ಧ ಹಿಪ್ಪುನೇರಳೆ ಎಲೆಯ ಮೇಲೆ ಬೆಳೆಸಿಯೇ ಕೊಡಬೇಕು. ಆ ಎಲೆಯ ಜೊತೆ ನಾನು ಬೆರೆಸುವ ಪುಡಿ ಯಾವುದು ಎಂದು ಕೇಳಬೇಡಿ, ನುಗ್ಗೆಸೊಪ್ಪು ಅದರಲ್ಲಿದೆ ಎಂದಷ್ಟೇ ಹೇಳಬಲ್ಲೆ.

ಮೈಸೂರಿಗೆ ಕರೆದೊಯ್ಯಲೇಬೇಕಾದರೆ ಮಡಿಕೇರಿಯಿಂದ ಮೂರು ಗಂಟೆಯ ದಾರಿ. ಥರ್ಮೋಕೋಲ್ ಡಬ್ಬಿಗೆ ಗಾಳಿಗೆ ತೂತು ಮಾಡಿ, ಬಿಸಿನೀರಿನ ಬಾಟಲಿಯನ್ನು ಟವಲಿನಲ್ಲಿ ಸುತ್ತಿ ಒಂದೇ ಬದಿಗಿಡಿ. ಹೊರಡುವ ಮುನ್ನ ಊಟ ಹಾಕಬೇಡಿ. ಆ ದಿನದ ಹಿಕ್ಕೆ ಬೇರೆ ಡಬ್ಬಿಯಲ್ಲಿ ತಂಪಾಗಿರಲಿ, ಫ್ರೀಜರ್ ಬೇಡ. ನಾಲ್ಕು ಅಂಕಿಗಳನ್ನೂ, ಯುವಿಬಿ ಟ್ಯೂಬ್ ಹಾಕಿದ ತಿಂಗಳನ್ನೂ, ಕೊನೆಯ ನಾಲ್ಕು ವಾರದ ತೂಕವನ್ನೂ ಒಂದೇ ಚೀಟಿಯಲ್ಲಿ ಬರೆದು ವೈದ್ಯರ ಕೈಗೆ ಮೊದಲು ಕೊಡಿ, ಡಬ್ಬಿ ಆಮೇಲೆ ತೆರೆದರಾಯಿತು.