ಆಂಡ್ರಾಯ್ಡ್ ಅಪ್‌ಡೇಟ್: ಬೂಟ್ ಆದ ಮೇಲೆ ಶುರುವಾಗುವ ಕೆಲಸ

ಫೋನ್ ಕಂಪನಿಯೊಂದರ ಬೆಂಗಳೂರಿನ ಆಫೀಸಿನಲ್ಲಿ ಹಳೇ ಮಾಡೆಲ್‌ಗಳಿಗೆ ಹೊಸ ಆಂಡ್ರಾಯ್ಡ್ ಕೂರಿಸುವುದು ನನ್ನ ಕೆಲಸ. ಗೂಗಲ್‌ನ ಸ್ವಂತ ಫೋನ್ ಪಿಕ್ಸೆಲ್‌ಗೆ ಬಂದು ಎಷ್ಟು ದಿನ ಆಯ್ತು, ನಮ್ಮ ಫೋನಿಗೆ ಯಾಕಿಲ್ಲ ಅಂತ ಮದುವೆ ಮನೆಯಲ್ಲೂ ಕೇಳುತ್ತಾರೆ. ನಾವು ಸುಮ್ನೆ ಕೂತಿದ್ದೇವೆ ಅಂದುಕೊಂಡಿದ್ದಾರೆ.

ಹೊಸ ಆಂಡ್ರಾಯ್ಡ್ ಬೂಟ್ ಆಗುವುದು, ಅಂದರೆ ಫೋನ್ ಆನ್ ಆಗಿ ಹೋಮ್ ಸ್ಕ್ರೀನ್‌ವರೆಗೆ ಬರುವುದು, ಈಗ ಅಷ್ಟು ದೊಡ್ಡ ವಿಷಯ ಅಲ್ಲ. 2017ರಲ್ಲಿ ಆಂಡ್ರಾಯ್ಡ್ 8ರ ಜೊತೆ ಟ್ರೆಬಲ್ ಅನ್ನೋ ಹೊಸ ವ್ಯವಸ್ಥೆ ಬಂತು, ಚಿಪ್ ಕಂಪನಿಯ ಡ್ರೈವರ್‌ಗಳಿಗೆ (ಹಾರ್ಡ್‌ವೇರ್ ನಡೆಸುವ ಸಾಫ್ಟ್‌ವೇರ್) ಸ್ಟೋರೇಜ್‌ನಲ್ಲಿ ಬೇರೆ ಭಾಗ, ಅಂದರೆ ಪಾರ್ಟಿಷನ್, ಸಿಕ್ಕಿತು. ಅದನ್ನು ಹಾಗೇ ಬಿಟ್ಟು ಮೇಲಿನ ಆಂಡ್ರಾಯ್ಡನ್ನು ಮಾತ್ರ ಬದಲಾಯಿಸಬಹುದು. ಹೋಮ್ ಸ್ಕ್ರೀನ್ ಬಂದಾಗ ಎಲ್ಲರಿಗೂ ಖುಷಿ. ಆಮೇಲೆ ಕ್ಯಾಮೆರಾ ತೆಗೆಯುತ್ತೇವೆ.

ಕಳೆದ ಸಲದ ಮಾಡೆಲ್‌ನಲ್ಲಿ ಪೋರ್ಟ್ರೇಟ್ ಮೋಡ್‌ಗೆ ಹೋದರೆ ಸ್ಕ್ರೀನ್ ಕಪ್ಪು. ಅದೂ ನನ್ನ ಮೇಜಿನ ಮೇಲಿದ್ದ ಒಂದು ಫೋನಿನಲ್ಲಿ ಮಾತ್ರ, ಪಕ್ಕದಲ್ಲೇ ಇದ್ದದ್ದು ಚೆನ್ನಾಗೇ ಇತ್ತು. ಹೆಸರು ಒಂದೇ, ಬಣ್ಣ ಒಂದೇ, ಆದರೆ ಒಳಗಿನ ಸೆನ್ಸರ್ ಬೇರೆ ಸಪ್ಲೈಯರ್‌ದು. ಒಬ್ಬರ ಹತ್ತಿರ ಸ್ಟಾಕ್ ಮುಗಿದರೆ ಇನ್ನೊಬ್ಬರದು ಹಾಕುತ್ತಾರೆ, ಡಿಸ್‌ಪ್ಲೇ ಕಥೆಯೂ ಇದೇ. ಫೋನ್ ಬರೆದಿಡುವ ದಾಖಲೆ, ಅಂದರೆ ಲಾಗ್, ಹಿಡಿದು ಹೋದರೆ ಕೊನೆಗೆ ಸಿಕ್ಕಿದ್ದು ಚಿಪ್ ಕಂಪನಿ ಕೊಟ್ಟ, ಸೋರ್ಸ್ ಕೋಡ್ ಇಲ್ಲದ ಬೈನರಿ (ತೆರೆದು ತಿದ್ದಲಾಗದ ಫೈಲ್). ನಾವು ಮುಟ್ಟುವ ಹಾಗಿಲ್ಲ. ಅವರಿಗೆ ದೂರಿನ ಟಿಕೆಟ್ ಹಾಕಿ, ಲಾಗ್ ಕಳಿಸಿ, ಅವರು ಕೇಳಿದ ಇನ್ನೊಂದು ಲಾಗನ್ನೂ ಕಳಿಸಿ ಕಾಯಬೇಕು. ಹಳೇ ಚಿಪ್ ಆದರೆ ಅವರಿಗೂ ಅಷ್ಟಕ್ಕಷ್ಟೇ, ಹೊಸದನ್ನು ಮಾರಬೇಕಲ್ವಾ.

ಕ್ಯಾಮೆರಾ ಸರಿಹೋದರೆ ಕಾಲ್ ಟೆಸ್ಟ್. ಒಂದೊಂದು ನೆಟ್‌ವರ್ಕಿನ ಸಿಮ್ ಹಾಕಿ, ಸ್ಲಾಟ್ ಅದಲುಬದಲು ಮಾಡಿ ವೋಲ್ಟೆ (4ಜಿ ಮೇಲೆ ಹೋಗುವ ಕಾಲ್) ನೋಡಬೇಕು. ಕಬ್ಬನ್ ಪಾರ್ಕ್‌ನಿಂದ ಮೆಜೆಸ್ಟಿಕ್‌ವರೆಗೆ ಮೆಟ್ರೋ ಸುರಂಗದಲ್ಲಿ ಹಲೋ ಹಲೋ ಅನ್ನುತ್ತಾ ಹೋಗುವುದೂ ಕೆಲಸವೇ, ಪಕ್ಕದವರು ದುರುಗುಟ್ಟಿ ನೋಡುತ್ತಾರೆ. ಈ ಭಾಗ ಯಾರಿಗೂ ಬಿಟ್ಟಿದ್ದಲ್ಲ. 2022ರ ಅಕ್ಟೋಬರ್‌ನಲ್ಲಿ ಬೆಂಗಳೂರಿಗೆ 5ಜಿ ಬಂತು, ಆದರೆ ಫೋನನ್ನೂ ಸಾಫ್ಟ್‌ವೇರನ್ನೂ ತಾನೇ ಮಾಡುವ ಆ್ಯಪಲ್ ಕೂಡ ಇಲ್ಲಿನ 5ಜಿಯನ್ನು ಎಲ್ಲರಿಗೂ ಕೊಟ್ಟಿದ್ದು ಡಿಸೆಂಬರ್‌ನ ಐಒಎಸ್ 16.2ರಲ್ಲಿ.

ಗೂಗಲ್‌ನ ಸಿಟಿಎಸ್ ಅನ್ನೋ ಹೊಂದಾಣಿಕೆ ಪರೀಕ್ಷೆ ಪಾಸಾಗಿ ಒಪ್ಪಿಗೆ ಸಿಕ್ಕ ಮೇಲೂ ಒಂದೇ ಸಲಕ್ಕೆ ಎಲ್ಲರಿಗೂ ಬಿಡುವುದಿಲ್ಲ. ಮೊದಲು ಸ್ವಲ್ಪ ಜನಕ್ಕೆ. ಕ್ರ್ಯಾಶ್ ಎಷ್ಟು, ಬ್ಯಾಟರಿ ಹೇಗಿದೆ ನೋಡಿಕೊಂಡು ಜಾಸ್ತಿ ಮಾಡುತ್ತೇವೆ. ಅಣ್ಣನ ಫೋನಿಗೆ ಬಂದು ಅದೇ ಮಾಡೆಲ್ ಇರುವ ತಮ್ಮನಿಗೆ ಬರದಿರುವುದು ಇದಕ್ಕೇ. ಏನಾದರೂ ವಿಚಿತ್ರ ಕಂಡರೆ ಅಲ್ಲಿಗೇ ನಿಲ್ಲಿಸುತ್ತೇವೆ, ಯಾಕಂದ್ರೆ ಬೂಟೇ ಆಗದ ಫೋನಿಗೆ ಇನ್ನೊಂದು ಅಪ್‌ಡೇಟ್ ಕಳಿಸಿ ಸರಿಮಾಡುವ ಹಾಗೂ ಇಲ್ಲ, ಆ ಮನುಷ್ಯ ಸರ್ವಿಸ್ ಸೆಂಟರ್‌ನಲ್ಲಿ ಟೋಕನ್ ಹಿಡಿದು ಕೂರಬೇಕು.