ಹಂದಿ ಕೂದಲಿನ ಬ್ರಷ್ಷನ್ನ ನೀರಲ್ಲಿ ನೆನೆಹಾಕಬೇಡ್ರೀ

ಮೊನ್ನೆ ಬಚ್ಚಲಿಗೆ ಹೋದರೆ ಮೊಮ್ಮಗಳು ತಲೆ ಬಾಚೋ ತನ್ನ ಹೊಸ ಬ್ರಷ್ಷನ್ನ ಮಗ್ಗಿನೊಳಗೆ ಮುಳುಗಿಸಿ ಇಟ್ಟಿದ್ದಳು. ಕುದಿಯೋ ನೀರು ಸುರಿದು, ಬಟ್ಟೆ ಒಗೆಯೋ ಪುಡಿ ಬೇರೆ ಹಾಕಿ. "ರಾತ್ರಿಯಿಂದ ನೆನೆದಿದೆ ಅಜ್ಜಿ, ಕೊಳೆ ಎಲ್ಲ ಬಿಡುತ್ತೆ" ಅಂದಳು. ಕೊಳೆ ಬಿಟ್ಟಿತ್ತು, ಹೌದು. ಕಟ್ಟಿಗೆಯ ಪಾಲಿಶೂ ಬಿಟ್ಟಿತ್ತು, ಅಂಟೂ ಬಿಟ್ಟಿತ್ತು. ಸಾಲದ್ದಕ್ಕೆ ಒಣಗಲಿ ಅಂತ ಮಾಳಿಗೆ ಮೇಲೆ ಇಟ್ಟು ಬಂದಳು. ನಮ್ಮ ಬಾಗಲಕೋಟೆ ಏಪ್ರಿಲ್ ಬಿಸಿಲು, 40 ಡಿಗ್ರಿ ಸುಡುತ್ತೆ, ಹಪ್ಪಳಕ್ಕೇ ಜಾಸ್ತಿ ಆಗೋ ಬಿಸಿಲದು. ಸಂಜೆಗೆ ಹಿಡಿಕೆ ಸೀಳಿತ್ತು.

ಪ್ಲಾಸ್ಟಿಕ್ ಬ್ರಷ್ ಆದರೆ ಏನಾದರೂ ಮಾಡಿಕೊಳ್ಳಿ, ನಾನು ಕೇಳಲ್ಲ. ಇದು ಹಂದಿ ಕೂದಲು. ನಮ್ಮ ಕೂದಲಿನಲ್ಲಿ, ಉಗುರಿನಲ್ಲಿ ಇರೋ ಕೆರಾಟಿನ್ ಅನ್ನೋ ಪ್ರೋಟೀನೇ ಅದರಲ್ಲೂ ಇರೋದು. ನಿಮ್ಮ ತಲೆಯನ್ನ ಕುದಿಯೋ ನೀರಲ್ಲಿ ಅದ್ದುತ್ತೀರಾ? ನೆತ್ತಿಯ ಎಣ್ಣೆಯನ್ನ ಕೂದಲಿನ ತುದಿವರೆಗೆ ಒಯ್ಯೋದೇ ಈ ಬ್ರಷ್‌ನ ಕೆಲಸ, ಹಾಗಾಗಿ ಎಣ್ಣೆ, ಧೂಳು, ಹೊಟ್ಟು ಎಲ್ಲ ಸೇರಿ ಬುಡದಲ್ಲಿ ಬೂದು ಹತ್ತಿ ಥರ ಕೂರುತ್ತೆ. ಅದು ನೀರಿಗೆ ಹೆದರೋ ಕೊಳೆ ಅಲ್ಲ.

ನನ್ನ ಬ್ರಷ್ ಮದುವೆ ಆದ ಹೊಸತರಲ್ಲಿ ನಮ್ಮ ಮನೆಯವರು ಬೆಳಗಾವಿ ಕ್ಯಾಂಪಿನಿಂದ ತಂದದ್ದು. ಹಂದಿ ಕೂದಲು ಅಂತ ಗೊತ್ತಾದ ದಿನ ನಮ್ಮ ಅತ್ತಿ ಅದನ್ನ ದೇವರ ಕೋಣೆ ಹತ್ತಿರಕ್ಕೂ ತರಬಾರದು ಅಂದರು, ತಾವು ಕಡೇವರೆಗೂ ಹಣಿಗೆಯಲ್ಲೇ ಬಾಚಿಕೊಂಡರು. ಆಲಮಟ್ಟಿ ಹಿನ್ನೀರಿಗೆ ನಮ್ಮ ಹಳೇ ಊರಿನ ಮನೆ ಹೋಗಿ ನವನಗರಕ್ಕೆ ಬಂದಾಗ ಎಷ್ಟೋ ಸಾಮಾನು ಕಳೆದವು, ಇದು ಉಳೀತು. ಇವತ್ತಿಗೂ ಒಂದು ಕೂದಲು ಉದುರಿಲ್ಲ.

ಸಿಕ್ಕಿಕೊಂಡ ಕೂದಲನ್ನ ಹಣಿಗೆಯಿಂದ ತೆಗೆಯೋದು ಎಲ್ಲರಿಗೂ ಗೊತ್ತು, ಅದು ವಾರಕ್ಕೊಮ್ಮೆ. ಎಳೆದು ಕೀಳಬೇಡಿ, ಎತ್ತಿ ತೆಗೀರಿ. ಅಸಲು ಕೆಲಸ ಇರೋದು ಜೋಳದ ಹಿಟ್ಟಿನಲ್ಲಿ. ನಗಬೇಡಿ. ರೊಟ್ಟಿ ಹಿಟ್ಟೇ, ಆದರೆ ತೆಳ್ಳನೆ ಅರಿವೆಯಲ್ಲಿ ಸೋಸಿ ಪೌಡರ್ ಥರ ಆಗಿರಬೇಕು. ಹಂಚಿನ ಮೇಲೆ ಹಸಿ ಹೋಗೋಷ್ಟು ಬೆಚ್ಚಗೆ ಮಾಡಿ ಪೂರ್ತಿ ಆರಿಸಿ. ಒಂದು ಚಿಟಿಕೆ, ಇನ್ನೊಂದು ಚಿಟಿಕೆ, ಹೀಗೆ ಉದುರಿಸ್ತಾ ಬೆರಳ ತುದಿಯಿಂದ ಬುಡಕ್ಕೆ ಇಳಿಯೋ ಹಾಗೆ ಉಜ್ಜಿ. ನಾಲ್ಕು ರೊಟ್ಟಿ ಬಡಿಯೋಷ್ಟು ಹೊತ್ತು ಬಿಡಿ. ಆಮೇಲೆ ಬ್ರಷ್ ಬೋರಲು ಹಿಡಿದು ಬೆನ್ನಿಗೆ ಅಂಗೈಯಿಂದ ತಟ್ಟಿ. ಮೊದಲ ಸಲ ಉದುರೋ ಹಿಟ್ಟು ಬೂದು ಬಣ್ಣ, ಉಂಡೆ ಉಂಡೆ. ಎಣ್ಣೆ ಕುಡಿದಿರುತ್ತೆ ಅದು. ಮತ್ತೆ ಹಾಕಿ, ಮತ್ತೆ ತಟ್ಟಿ. ಹಾಕಿದ ಬಣ್ಣದಲ್ಲೇ ಉದುರೋವರೆಗೂ. ನನಗೆ ಮೂರು ಸಲ ಬೇಕಾಗುತ್ತೆ. ಕೊನೆಗೆ ಬೇವಿನ ಕಡ್ಡಿಯ ತುದಿಯನ್ನ ಹಲ್ಲುಜ್ಜೋಕೆ ಜಗಿದ ಹಾಗೆ ಜಜ್ಜಿ, ಒಣಗಿಸಿಕೊಂಡು, ಅಂಚಿನ ಸಾಲಿನಿಂದ ಶುರು ಮಾಡಿ ಒಂದೊಂದೇ ಸಾಲು ಬುಡ ಬಿಡಿಸ್ತಾ ಹೋಗಿ. ಹಿಟ್ಟಿನ ಕಣ ಒಂದೂ ಉಳೀಬಾರದು, ಉಳಿದರೆ ನೀರು ತಾಗಿದ ಕೂಡಲೇ ಅಂಟಾಗುತ್ತೆ, ಮಾರನೇ ದಿನ ಇರುವೆ ಸಾಲು. ಸೊಸೆಗೆ ಇಷ್ಟು ಪುರುಸೊತ್ತಿಲ್ಲವಂತೆ. ಮೊಬೈಲಿಗೆ ಇದೆ.

ನೀರು ಆಮೇಲೆ, ಅದೂ ಸ್ವಲ್ಪ. ತಾಟಿನಲ್ಲಿ ಉಗುರುಬೆಚ್ಚಗಿನ ನೀರು, ಎರಡು ಹನಿ ಶಾಂಪೂ, ಇಲ್ಲಾ ಅಂಟುವಾಳದ ನೊರೆ. ಕೂದಲ ತುದಿಯಷ್ಟೇ ಅದ್ದಿ ಅಲ್ಲಾಡಿಸಿ. ಮೆತ್ತೆ ಇರೋ ಬ್ರಷ್ ಆದರೆ ಅದರಲ್ಲಿ ಗಾಳಿಗೆ ಒಂದು ಸಣ್ಣ ತೂತಿರುತ್ತೆ, ಅದರೊಳಗೆ ನೀರು ಹೋದರೆ ಹೊರಗೆ ಬರಲ್ಲ, ಒಳಗೇ ಬೂಸ್ಟು ಹಿಡಿಯುತ್ತೆ. ಬೋರ್ ನೀರು ಸವಳು, ಬಿಳಿ ಪದರ ಬಿಡುತ್ತೆ, ಕಡೇ ಸಲ ಕುಡಿಯೋ ನೀರಲ್ಲಿ ಜಾಲಿಸಿ.

ಹಳೇ ದೋತರದ ತುಂಡಿನ ಮೇಲೆ ಬೋರಲು ಹಾಕಿ ಪಡಸಾಲೆಯಲ್ಲಿ ಒಂದು ಹಗಲು, ಒಂದು ರಾತ್ರಿ ಬಿಡಿ. ಕೂದಲು ಮೇಲೆ ಮಾಡಿ ಇಟ್ಟರೆ ನೀರು ಕಟ್ಟಿಗೆಗೆ ಇಳಿಯುತ್ತೆ. ಇಳಕಲ್ ಸೀರೆಯನ್ನೂ ನೆರಳಲ್ಲೇ ಒಣಗಿಸಿ ಅಂತ ಸಾವಿರ ಸಲ ಹೇಳಿದ್ದೇನೆ, ಆದರೂ ಸೆರಗಿನ ರೇಷ್ಮೆ ಬಿಸಿಲಿಗೆ ಬಿಟ್ಟು ಬಣ್ಣ ಹೋಯಿತು ಅಂತ ಬರ್ತಾರೆ.

ತಲೆಗೆ ಎಣ್ಣೆ ಹಚ್ಚೋರು 15 ದಿನಕ್ಕೊಮ್ಮೆ, ಹಚ್ಚದೋರು ತಿಂಗಳಿಗೊಮ್ಮೆ ಹೀಗೆ ಮಾಡಿದರೆ ಸಾಕು. ಒಣಗಿದ ಮೇಲೆ ಹಿಡಿಕೆಗೆ ಒಂದು ಹನಿ ಕೊಬ್ಬರಿ ಎಣ್ಣೆ ಸವರಿ ಒರೆಸಿಡಿ. ಮೊಮ್ಮಗಳ ಸೀಳು ಬ್ರಷ್ ಕಸಕ್ಕೆ ಹಾಕೋಕೆ ಹೊರಟಿದ್ದಳು, ಕಸಿದುಕೊಂಡೆ. ಈಗ ಅದರಲ್ಲಿ ಕಂಬಳಿ ಧೂಳು ಹೊಡೀತೀನಿ.