ಲಿನಕ್ಸ್‌ನಲ್ಲಿ ಐ2ಸಿ ಡ್ರೈವರ್: ಪ್ರೋಬ್ ಬರೆಯುವ ಬಗೆ

ಡ್ರೈವರ್, ಅಂದರೆ ಚಿಪ್ ನಡೆಸುವ ಕೋಡ್, ಬರೆಯಲು ಕೂರುವ ಮುಂಚೆ ನಿಮ್ಮ ಚಿಪ್ ಯಾವ ಬಸ್‌ನಲ್ಲಿದೆ, ಅಂದರೆ ಯಾವ ಬಗೆಯ ಸಂಪರ್ಕದಲ್ಲಿದೆ, ನೋಡಿಕೊಳ್ಳಿ. ಪಿಸಿಐ ಆದರೆ ಕೆಲಸ ಸಲೀಸು, ಕಾರ್ಡ್ ತನ್ನ ವೆಂಡರ್ ಐಡಿ, ಡಿವೈಸ್ ಐಡಿ ತಾನೇ ಹೇಳುತ್ತದೆ. ಐ2ಸಿಯಲ್ಲಿ ಹಾಗಿಲ್ಲ. ಎರಡು ತಂತಿ, ಚಿಪ್‌ಗೊಂದು 7 ಬಿಟ್ ವಿಳಾಸ, ಅಷ್ಟೇ. ಹೆಕ್ಸ್ (16ರ ಲೆಕ್ಕದ ಸಂಖ್ಯೆ) 68ರಿಂದ ಉತ್ತರ ಬಂತು ಅಂದುಕೊಳ್ಳಿ, ಅಲ್ಲಿರುವುದು ಡಿಎಸ್3231 ಗಡಿಯಾರವೂ ಆಗಿರಬಹುದು, ಎಂಪಿಯು6050 ಮೋಷನ್ ಸೆನ್ಸರೂ ಆಗಿರಬಹುದು. ಎರಡಕ್ಕೂ ಅದೇ ವಿಳಾಸ!

ಹಾಗಾಗಿ ಎಲ್ಲಿ ಯಾವ ಚಿಪ್ ಇದೆ ಅಂತ ನಾವೇ ಹೇಳಬೇಕು. ರಾಸ್ಪ್‌ಬೆರಿ ಪೈ ಥರದ ಬೋರ್ಡ್‌ನಲ್ಲಿ ಇದಕ್ಕೆ ಡಿವೈಸ್ ಟ್ರೀ ಇದೆ, ಬೋರ್ಡ್‌ನಲ್ಲಿ ಏನೇನಿದೆ ಅಂತ ಕರ್ನಲ್‌ಗೆ (ಲಿನಕ್ಸ್‌ನ ತಿರುಳಿಗೆ) ಹೇಳುವ ಪಟ್ಟಿ ಅದು. ಬಾಷ್‌ನ ಬಿಎಂಇ280 ಸೆನ್ಸರ್ ತಗೊಳ್ಳೋಣ, ತಾಪಮಾನ, ಗಾಳಿಯ ಒತ್ತಡ, ತೇವಾಂಶ ಮೂರನ್ನೂ ಅಳೆಯುತ್ತದೆ. ಆ ಪಟ್ಟಿಯ ಐ2ಸಿ ನೋಡ್ (ಭಾಗ) ಒಳಗೆ ಅದಕ್ಕೊಂದು ನೋಡ್ ಹಾಕಿ, ವಿಳಾಸ ಹೆಕ್ಸ್ 76 ಅಂತ ಬರೆದು, ಕಂಪ್ಯಾಟಿಬಲ್ ಸಾಲಿನಲ್ಲಿ ಕಂಪನಿ ಮತ್ತು ಚಿಪ್ ಹೆಸರು ಕೊಡಿ. ಅದೇ ಹೆಸರು ಡ್ರೈವರ್‌ನ ಮ್ಯಾಚ್ ಟೇಬಲ್‌ನಲ್ಲೂ, ಅಂದರೆ ಅದು ನಡೆಸಬಲ್ಲ ಚಿಪ್‌ಗಳ ಪಟ್ಟಿಯಲ್ಲೂ, ಇರಬೇಕು. ಮಾಡ್ಯೂಲ್ ಡಿವೈಸ್ ಟೇಬಲ್ ಮ್ಯಾಕ್ರೋ ಬರೆಯದೆ ಬಿಟ್ಟರೆ ಮಾಡ್ಯೂಲ್ (ನಿಮ್ಮ ಡ್ರೈವರ್ ಕಡತ) ತಾನಾಗಿ ಲೋಡ್ ಆಗುವುದಿಲ್ಲ, ನೆನಪಿರಲಿ.

ಡಿವೈಸ್ ಮೊದಲು ಬರಲಿ, ಡ್ರೈವರ್ ಮೊದಲು ಬರಲಿ, ಎರಡೂ ಹೊಂದಿದ ಕೂಡಲೇ ಕರ್ನಲ್ ನಿಮ್ಮ ಪ್ರೋಬ್ ಫಂಕ್ಷನ್, ಅಂದರೆ ಚಿಪ್ ಪರೀಕ್ಷಿಸಿ ಸಿದ್ಧ ಮಾಡುವ ಕೋಡ್, ಕರೆಯುತ್ತದೆ. ಇಲ್ಲಿ ಕ್ರಮ ತಪ್ಪಬಾರದು. ಮೊದಲು ರೆಗ್ಯುಲೇಟರ್ (ಚಿಪ್‌ಗೆ ವಿದ್ಯುತ್ ಕೊಡುವ ಘಟಕ) ಕೇಳಿ ಪಡೆದು ಪವರ್ ಕೊಡಿ, ಡೇಟಾಶೀಟ್ ಹೇಳಿದಷ್ಟು ಹೊತ್ತು ಕಾಯಿರಿ. ಆಮೇಲೆ ಹೆಕ್ಸ್ ಡಿ0 ರಿಜಿಸ್ಟರ್ (ಚಿಪ್ ತನ್ನ ಐಡಿ ಇಟ್ಟಿರುವ ಜಾಗ) ಓದಿ: ಬಿಎಂಇ280 ಆದರೆ 60, ಬಿಎಂಪಿ280 ಆದರೆ 58, ಇವೂ ಹೆಕ್ಸ್‌ನಲ್ಲೇ. ಡಿವೈಸ್ ಟ್ರೀಯಲ್ಲಿ ಬರೆದಿದ್ದೀವಲ್ಲ, ಮತ್ತೆ ಯಾಕೆ ಓದಬೇಕು ಅಂತ ಬಿಡಬೇಡಿ. ಬಿಎಂಇ ಅಂತ ಮಾರುವ ಎಷ್ಟೋ ಸೆನ್ಸರ್ ಬೋರ್ಡ್‌ಗಳಲ್ಲಿ ಇರುವುದು ಬಿಎಂಪಿ, ಅದಕ್ಕೆ ತೇವಾಂಶ ಅಳೆಯಲು ಬರುವುದೇ ಇಲ್ಲ. ಐಡಿ ಹೊಂದದಿದ್ದರೆ ಇ-ನೋ-ಡೆವ್ (ಡಿವೈಸ್ ಇಲ್ಲ ಎಂಬ ಎರರ್) ಹಿಂತಿರುಗಿಸಿ, ಕರ್ನಲ್ ಲಾಗ್‌ನಲ್ಲಿ ಗದ್ದಲ ಮಾಡದೆ ಮುಂದೆ ಹೋಗುತ್ತದೆ.

ಜಾಸ್ತಿ ಜನ ಎಡವುವುದು ರೆಗ್ಯುಲೇಟರ್ ಹತ್ತಿರ. ಅದರ ಡ್ರೈವರ್ ಇನ್ನೂ ಎದ್ದಿಲ್ಲದಿದ್ದರೆ ನಿಮಗೆ ಇ-ಪ್ರೋಬ್-ಡಿಫರ್, ಅಂದರೆ ಮೈನಸ್ 517 ಬರುತ್ತದೆ. ಇದು ಸೋಲಲ್ಲ, ಆಮೇಲೆ ಬನ್ನಿ ಅಂತ ಅಷ್ಟೇ. ಅದನ್ನು ಬೇರೆ ಎರರ್ ಮಾಡದೆ ಹಾಗೆಯೇ ಹಿಂತಿರುಗಿಸಿ. ಕರ್ನಲ್ ನಿಮ್ಮ ಡಿವೈಸನ್ನು ಕಾಯುವ ಪಟ್ಟಿಗೆ ಹಾಕಿ, ಇನ್ಯಾವುದೋ ಪ್ರೋಬ್ ಗೆದ್ದಾಗ ಮತ್ತೆ ಕರೆಯುತ್ತದೆ. 2012ರ 3.4 ಆವೃತ್ತಿಯಲ್ಲಿ ಈ ಸೌಕರ್ಯ ಬರುವ ತನಕ ಡ್ರೈವರ್‌ಗಳ ಇನಿಟ್ ಕ್ರಮವನ್ನು (ಯಾವುದು ಮೊದಲು ಶುರುವಾಗಬೇಕು ಎಂಬುದನ್ನು) ಕೈಯಾರೆ ಹಿಂದೆಮುಂದೆ ಮಾಡುವ ಪಾಡಿತ್ತು. ಆದರೆ ಚೈಲ್ಡ್ ಡಿವೈಸ್ (ನಿಮ್ಮದರ ಅಡಿಯಲ್ಲಿ ಬರುವ ಇನ್ನೊಂದು ಡಿವೈಸ್) ರಿಜಿಸ್ಟರ್ ಮಾಡಿದ ಮೇಲೆ ಡಿಫರ್ ಮಾಡಲೇಬೇಡಿ. ಆ ಚೈಲ್ಡ್‌ನ ಪ್ರೋಬ್ ಗೆದ್ದಾಗಲೆಲ್ಲ ನಿಮ್ಮದು ಮತ್ತೆ ಓಡಿ, ಕೊನೆಯಿಲ್ಲದ ಸುತ್ತು ಶುರುವಾಗಬಹುದು.

ಮೆಮೊರಿ, ಐಆರ್‌ಕ್ಯು (ಚಿಪ್ ಗಮನ ಸೆಳೆಯುವ ಸಂಕೇತ) ಎಲ್ಲಕ್ಕೂ ಡೆವ್ಎಂ ಫಂಕ್ಷನ್‌ಗಳನ್ನೇ ಬಳಸಿ. ಪ್ರೋಬ್ ನಡುವೆ ನಿಂತರೆ ಪಡೆದದ್ದನ್ನೆಲ್ಲ ಕರ್ನಲ್ಲೇ ಕೊನೆಯದರಿಂದ ಮೊದಲಿನ ತನಕ ಬಿಡಿಸುತ್ತದೆ. ಐಐಒಗೆ (ಸೆನ್ಸರ್‌ಗಳನ್ನು ನೋಡಿಕೊಳ್ಳುವ ಕರ್ನಲ್ ವಿಭಾಗಕ್ಕೆ) ರಿಜಿಸ್ಟರ್ ಮಾಡುವುದು ಕಟ್ಟಕಡೆಗೆ, ಯಾಕೆಂದರೆ ಆ ಕ್ಷಣದಿಂದಲೇ ಯಾರು ಬೇಕಾದರೂ ಸೆನ್ಸರ್ ಓದಬಹುದು.

ಈಗ ಬಸ್‌ನ ವಿಳಾಸಗಳನ್ನು ತೋರಿಸುವ ಐ2ಸಿ-ಡಿಟೆಕ್ಟ್ ಆಜ್ಞೆ ಓಡಿಸಿ. 76ರ ಜಾಗದಲ್ಲಿ ಎರಡು ಯು ಕಂಡರೆ ಡ್ರೈವರ್ ಕೂತಿದೆ. ಕಾಣದಿದ್ದರೆ ಡೀಬಗ್‌ಎಫ್‌ಎಸ್‌ನ (ಕರ್ನಲ್ ಒಳಗಿನ ಸ್ಥಿತಿ ತೋರಿಸುವ ಕಡತಗಳ) ಡಿವೈಸಸ್-ಡಿಫರ್ಡ್ ಕಡತ ತೆರೆಯಿರಿ, ಡಿಫರ್ ಆಗಿದ್ದರೆ ಹೆಸರು ಅಲ್ಲಿರುತ್ತದೆ. ಎಲ್ಲ ಸರಿಯಿದ್ದರೂ ಸಿಸ್‌ಎಫ್‌ಎಸ್‌ನಿಂದ (ಡಿವೈಸ್, ಡ್ರೈವರ್‌ಗಳನ್ನು ಕಡತಗಳಾಗಿ ತೋರಿಸುವ ಜಾಗ) ಅನ್‌ಬೈಂಡ್, ಬೈಂಡ್, ಅಂದರೆ ಡ್ರೈವರ್ ಬಿಡಿಸುವುದು, ಕೂರಿಸುವುದು ಅಂತ ಹತ್ತಾರು ಸಲ ಮಾಡಿ ನೋಡಿ. ಎಲ್ಲೋ ಬಿಡಿಸದೆ ಉಳಿದದ್ದು ಆಗಲೇ ಸಿಗುವುದು.